ಬಜರ್ ಕೂಗಿದರೆ ಯಾರು ಏಳಬೇಕು?

ತೀರ್ಥಹಳ್ಳಿ ಹತ್ತಿರದ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಅಡಿಕೆ ಒಣಗಿಸುವ ಡ್ರೈಯರ್ ಇದೆ. ತಗಡಿನ ಕೋಣೆ, ಒಳಗೆ ತಟ್ಟೆಗಳ ಸಾಲು, ಕೆಳಗೆ ಹೀಟರ್, ಬದಿಯಲ್ಲಿ ಫ್ಯಾನ್. ಹೊರಗೆ ಒಂದು ಪ್ಯಾನೆಲ್, ಅದರಲ್ಲಿ ಅಂಗೈಗಿಂತ ಚಿಕ್ಕದಾದ ಒಂದು ಟೆಂಪರೇಚರ್ ಕಂಟ್ರೋಲರ್. ಕೊಯ್ಲಿನ ಹೊತ್ತಿಗೆ ಮೋಡ ಕಟ್ಟಿದರೆ ಅಂಗಳದಲ್ಲಿ ಹರವಿದ ಬೇಯಿಸಿದ ಅಡಿಕೆಗೆ ಬೂಸ್ಟು ಹಿಡಿಯುತ್ತದೆ. ಅದಕ್ಕೇ ಈ ಡ್ರೈಯರ್.

ಮೊದಲ ವರ್ಷ ಆ ಪ್ಯಾನೆಲ್‌ನ ಬಜರ್ ದಿನಾ ಕೂಗುತ್ತಿತ್ತು. ಸ್ವಿಚ್ ಹಾಕಿದ ಕೂಡಲೇ ಶುರು. ಒಳಗೆ ಬಿಸಿ ಏರುವ ತನಕ, ಅಂದರೆ ಮುಕ್ಕಾಲು ಗಂಟೆ, ನಿಲ್ಲುತ್ತಿರಲಿಲ್ಲ. ಬಾಗಿಲು ತೆಗೆದು ಅಡಿಕೆ ಮಗುಚಿದರೆ ಮತ್ತೆ ಕೂಗು. ಮೂರನೇ ದಿನ ಯಾರೋ ಬಜರ್‌ನ ವೈರ್ ಕಿತ್ತಿಟ್ಟರು. ಹದಿನೈದು ದಿನ ಕಳೆದ ಮೇಲೆ ಒಂದು ರಾತ್ರಿ ಸೆನ್ಸರ್ ತನ್ನ ತೂತಿನಿಂದ ಜಾರಿ ಹೊರಗೆ ನೇತಾಡಿತು. ಕಂಟ್ರೋಲರ್‌ಗೆ ಕಂಡದ್ದು ಹೊರಗಿನ ತಣ್ಣನೆಯ ಗಾಳಿ, 21 ಡಿಗ್ರಿ. ಬೇಕಾದದ್ದು 60. ಹಾಗಾಗಿ ಅದು ಹೀಟರ್‌ಗೆ ಪೂರ್ತಿ ಕರೆಂಟ್ ಕೊಡುತ್ತಲೇ ಹೋಯಿತು. ಬೆಳಿಗ್ಗೆ ಚಿಕ್ಕಮ್ಮ ಬಾಗಿಲು ತೆಗೆದಾಗ ಕೆಳಗಿನ ನಾಲ್ಕು ತಟ್ಟೆ ಅಡಿಕೆ ಕರಕಲಾಗಿತ್ತು. ಪ್ಯಾನೆಲ್ ಮೇಲೆ ಅಲಾರಂನ ಕೆಂಪು ದೀಪ ಉರಿಯುತ್ತಲೇ ಇತ್ತು. ಕೇಳಿಸುವುದಕ್ಕೆ ವೈರ್ ಇರಲಿಲ್ಲ, ಅಷ್ಟೆ.

ನಾನು ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪ್ಯಾನೆಲ್ ಕೆಲಸ ಮಾಡುವವನು. ವೈರ್ ಕಿತ್ತವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ದಿನಕ್ಕೆ ಹತ್ತು ಸಲ ಸುಮ್ನೆ ಕೂಗುವ ವಸ್ತುವನ್ನು ಯಾರಾದರೂ ಬಾಯಿ ಮುಚ್ಚಿಸುತ್ತಾರೆ. ತಪ್ಪಿದ್ದದ್ದು ಸೆಟ್ಟಿಂಗ್‌ನಲ್ಲಿ. ಪೆಟ್ಟಿಗೆಯಿಂದ ತೆಗೆದಾಗ ಕಂಟ್ರೋಲರ್ ಹೇಗಿತ್ತೋ ಹಾಗೇ ಕೂರಿಸಿದ್ದರು. ಆಮೇಲೆ ನಾನೇ ಕೂತು ಒಂದೊಂದನ್ನೂ ಹೊಸದಾಗಿ ಹೊಂದಿಸಿದೆ. ಏನು ಮಾಡಿದೆ, ಯಾಕೆ ಮಾಡಿದೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ. ಅಡಿಕೆ ಡ್ರೈಯರ್ ಆಗಲಿ, ಕಾರ್ಖಾನೆಯ ಫರ್ನೇಸ್ ಆಗಲಿ, ಕಂಟ್ರೋಲರ್‌ನ ಒಳಗಿನ ಲೆಕ್ಕ ಒಂದೇ.

ಮೊದಲು ಮೂರು ಪದ ಗೊತ್ತಿರಲಿ. ಸೆನ್ಸರ್ ಓದಿ ಹೇಳುವ ಬಿಸಿ ಪಿವಿ. ನಾವು ಬೇಕೆಂದು ಇಟ್ಟ ಬಿಸಿ ಎಸ್‌ವಿ, ಅಂದರೆ ಸೆಟ್ ಪಾಯಿಂಟ್. ಇವೆರಡರ ನಡುವಿನ ಅಂತರ ನೋಡಿಕೊಂಡು ಕಂಟ್ರೋಲರ್ ಹೀಟರ್‌ಗೆ ಎಷ್ಟು ಶಕ್ತಿ ಕೊಡುತ್ತದೋ ಅದು ಔಟ್‌ಪುಟ್, ಸೊನ್ನೆಯಿಂದ 100 ಪರ್ಸೆಂಟ್ ತನಕ. ಡಿಸ್‌ಪ್ಲೇ ಮೇಲಿನ ಸಾಲಿನಲ್ಲಿ ಸಾಮಾನ್ಯವಾಗಿ ಪಿವಿ ಇರುತ್ತದೆ, ಕೆಳಗಿನ ಸಾಲಿನಲ್ಲಿ ಎಸ್‌ವಿ.

ಅಲಾರಂಗೆ ಕೈ ಹಾಕುವ ಮೊದಲು ಪಿವಿ ನಿಜ ಹೇಳುತ್ತಿದೆಯಾ ನೋಡಬೇಕು. ನಮ್ಮ ಸೆನ್ಸರ್ ಥರ್ಮೋಕಪಲ್, ಅಂದರೆ ಎರಡು ಬೇರೆ ಲೋಹದ ತಂತಿಗಳ ಜೋಡಿ, ಬಿಸಿಗೆ ತಕ್ಕಂತೆ ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ. ಅದರಲ್ಲಿ ಹಲವು ಜಾತಿ ಇವೆ. ನಮ್ಮ ಕಡೆ ಜಾಸ್ತಿ ಸಿಗುವುದು ಕೆ ಟೈಪ್. ಅದರಲ್ಲಿ ಒಂದು ಡಿಗ್ರಿಗೆ ಹುಟ್ಟುವುದು ಸುಮಾರು 41 ಮೈಕ್ರೋವೋಲ್ಟ್ ಮಾತ್ರ. ಜೆ ಟೈಪ್‌ನಲ್ಲಿ 50ಕ್ಕಿಂತ ಜಾಸ್ತಿ. ಕೆ ಟೈಪ್ ಸೆನ್ಸರ್ ಸಿಕ್ಕಿಸಿ ಕಂಟ್ರೋಲರ್‌ನಲ್ಲಿ ಜೆ ಅಂತ ಆರಿಸಿದರೆ ಅದು ಯಾವ ದೂರೂ ಹೇಳದೆ ಕೆಲಸ ಮಾಡುತ್ತದೆ. ಆದರೆ ಫರ್ನೇಸ್ ಒಳಗೆ ನಿಜವಾಗಿ 850 ಡಿಗ್ರಿ ಇದ್ದಾಗ ಡಿಸ್‌ಪ್ಲೇ 640ರ ಆಸುಪಾಸು ತೋರಿಸುತ್ತದೆ. 700ಕ್ಕೆ ಇಟ್ಟ ಹೈ ಅಲಾರಂ ಆಗ ಯಾವತ್ತೂ ಕೂಗುವುದಿಲ್ಲ. ಅಷ್ಟು ಹೊತ್ತಿಗೆ ಒಳಗಿನ ಮಾಲು ಹಾಳಾಗಿರುತ್ತದೆ.

ಪರೀಕ್ಷೆ ಮಾಡಲು ಮನೆಯಲ್ಲೇ ಒಂದು ದಾರಿ ಇದೆ. ಸೆನ್ಸರ್ ತುದಿಯನ್ನು ತಳ ಮುಟ್ಟದ ಹಾಗೆ ಕುದಿಯುವ ನೀರಿನಲ್ಲಿ ಮುಳುಗಿಸಿ. ಆದರೆ 100 ಬರಬೇಕು ಅಂತ ಕಾಯಬೇಡಿ. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 98 ಡಿಗ್ರಿ ಹತ್ತಿರ. ಇದು ಗೊತ್ತಿಲ್ಲದೆ ಎರಡು ಡಿಗ್ರಿ ಆಫ್‌ಸೆಟ್ ಸೇರಿಸಿ 100 ಮಾಡಿಟ್ಟ ಪ್ಯಾನೆಲ್‌ಗಳನ್ನು ನಾನು ಕಂಡಿದ್ದೇನೆ. ಸರಿಯಿದ್ದ ಸೆನ್ಸರ್ ಅವತ್ತಿನಿಂದ ತಪ್ಪು ಹೇಳುತ್ತದೆ.

ಈಗ ಅಲಾರಂ. ಕಂಟ್ರೋಲರ್‌ನ ಮೆನು ತೆರೆದರೆ ಹತ್ತಾರು ಬಗೆ ಕಾಣುತ್ತವೆ. ಹೊಸಬರು ಗಾಬರಿ ಬೀಳುವುದು ಅಲ್ಲೇ. ನಿಜಕ್ಕೂ ಅವೆಲ್ಲ ಎರಡು ಪ್ರಶ್ನೆಗಳಿಗೆ ಸೇರಿದವು. ‘ಬಿಸಿ ಎಷ್ಟಿದೆ?’ ಅನ್ನುವುದು ಒಂದು. ‘ನಾನು ಹೇಳಿದ್ದಕ್ಕಿಂತ ಎಷ್ಟು ದೂರ ಇದೆ?’ ಅನ್ನುವುದು ಇನ್ನೊಂದು.

ಮೊದಲನೆಯದು ಅಬ್ಸಲ್ಯೂಟ್ ಅಲಾರಂ. 70 ಅಂತ ಇಟ್ಟರೆ 70ಕ್ಕೇ ಕೂಗುತ್ತದೆ, ಸೆಟ್ ಪಾಯಿಂಟ್ ಎಷ್ಟೇ ಇರಲಿ. ಎರಡನೆಯದು ಡೀವಿಯೇಶನ್ ಅಲಾರಂ. 8 ಅಂತ ಇಟ್ಟರೆ ಸೆಟ್ ಪಾಯಿಂಟ್‌ನಿಂದ 8 ಡಿಗ್ರಿ ಮೇಲೆ ಅಥವಾ ಕೆಳಗೆ, ನಾವು ಆರಿಸಿದ ಬದಿಗೆ, ಹೋದಾಗ ಕೂಗುತ್ತದೆ. ಸೆಟ್ ಪಾಯಿಂಟ್ 60 ಇದ್ದದ್ದನ್ನು 50ಕ್ಕೆ ಇಳಿಸಿದರೆ ಈ ಅಲಾರಂ ಕೂಡ ತಾನೇ ಇಳಿದು ಹಿಂದೆ ಬರುತ್ತದೆ. ಮೇಲೂ ಕೆಳಗೂ ಒಟ್ಟಿಗೆ ಕಾಯುವುದಕ್ಕೆ ಬ್ಯಾಂಡ್ ಅಲಾರಂ ಅನ್ನುತ್ತಾರೆ.

ಯಾವುದಕ್ಕೆ ಯಾವುದು? ನಾನು ಪಾಲಿಸುವ ಕ್ರಮ ಹೀಗಿದೆ. ಮಾಲು ಅಥವಾ ಯಂತ್ರ ಕೆಡುವ ಬಿಸಿ ಒಂದು ಇರುತ್ತದಲ್ಲ, ಅದು ನಮ್ಮ ಸೆಟ್ ಪಾಯಿಂಟ್ ಕೇಳಿ ಬದಲಾಗುವುದಿಲ್ಲ. ಅಲ್ಲಿ ಅಬ್ಸಲ್ಯೂಟ್ ಬೇಕು. ಕೆಲಸ ದಾರಿ ತಪ್ಪುತ್ತಿದೆ ಅಂತ ಮೊದಲೇ ತಿಳಿಯಬೇಕಾದ ಕಡೆ ಡೀವಿಯೇಶನ್. ಚಿಕ್ಕಪ್ಪನ ಡ್ರೈಯರ್‌ನಲ್ಲಿ ಎರಡಕ್ಕೂ ಡೀವಿಯೇಶನ್ ಇತ್ತು. ಯಾರಾದರೂ ಅವಸರಕ್ಕೆ ಸೆಟ್ ಪಾಯಿಂಟನ್ನು 80ಕ್ಕೆ ಏರಿಸಿದ್ದರೆ ಅಲಾರಂ ಕೂಡ ಅವರ ಜೊತೆಗೇ ಮೇಲೆ ಹತ್ತಿ ಸುಮ್ಮನೆ ಕೂರುತ್ತಿತ್ತು. ಈಗ ಹೈ ಅಲಾರಂ ಅಬ್ಸಲ್ಯೂಟ್, 70. ಸೆಟ್ ಪಾಯಿಂಟ್ 65ಕ್ಕಿಂತ ಮೇಲೆ ಹೋಗದ ಹಾಗೆ ಮಿತಿಯನ್ನೂ ಹಾಕಿದ್ದೇನೆ. ಹೆಚ್ಚಿನ ಕಂಟ್ರೋಲರ್‌ಗಳಲ್ಲಿ ಈ ಮಿತಿ ಇರುತ್ತದೆ. ಯಾರೂ ಮುಟ್ಟುವುದಿಲ್ಲ.

ಇನ್ನು ಅಲಾರಂ ಯಾವಾಗ ಸುಮ್ಮನಿರಬೇಕು ಅನ್ನುವ ಮಾತು. ನನ್ನ ಅನುಭವದಲ್ಲಿ ನಿಜವಾದ ಕೆಲಸ ಇರುವುದು ಇಲ್ಲಿ.

70ಕ್ಕೆ ಇಟ್ಟ ಅಲಾರಂ 70 ಮುಟ್ಟಿದಾಗ ಕೂಗಿ, 69.9ಕ್ಕೆ ನಿಂತು, ಮತ್ತೆ 70ಕ್ಕೆ ಕೂಗಿದರೆ ರಿಲೇ, ಅಂದರೆ ಬಜರ್ ಆನ್ ಆಫ್ ಮಾಡುವ ಪುಟ್ಟ ಸ್ವಿಚ್, ಟಕಟಕ ಅನ್ನುತ್ತಲೇ ಇರುತ್ತದೆ. ಅದನ್ನು ತಪ್ಪಿಸಲು ಹಿಸ್ಟರಿಸಿಸ್ ಇದೆ. 2 ಡಿಗ್ರಿ ಕೊಟ್ಟರೆ 70ಕ್ಕೆ ಕೂಗಲು ಶುರುವಾದದ್ದು 68ಕ್ಕೆ ಇಳಿದ ಮೇಲಷ್ಟೇ ನಿಲ್ಲುತ್ತದೆ. ಕೆಲವು ತಯಾರಕರು ಈ ಅಂತರವನ್ನು ಎರಡೂ ಬದಿಗೆ ಹಂಚುತ್ತಾರೆ, ಮ್ಯಾನ್ಯುಯಲ್ ಒಮ್ಮೆ ನೋಡಿಕೊಳ್ಳಿ.

ಆಮೇಲೆ ತಡ, ಅಂದರೆ ಡಿಲೇ. ಅಡಿಕೆ ಮಗುಚಲು ಬಾಗಿಲು ತೆಗೆದರೆ ಬಿಸಿ ಇಳಿಯಲೇಬೇಕು. ಅದು ತೊಂದರೆ ಅಲ್ಲ, ಕೆಲಸ. ಹಾಗಾಗಿ ಲೋ ಅಲಾರಂಗೆ ಹತ್ತು ನಿಮಿಷ ಡಿಲೇ ಇಟ್ಟೆ. ಹತ್ತು ನಿಮಿಷದೊಳಗೆ ಬಾಗಿಲು ಮುಚ್ಚಿ ಬಿಸಿ ವಾಪಸ್ ಬಂದರೆ ಸದ್ದೇ ಇಲ್ಲ. ಹೈ ಅಲಾರಂಗೆ ಮಾತ್ರ ಹತ್ತು ಸೆಕೆಂಡ್. ಅಲ್ಲಿ ಕಾಯುವುದಕ್ಕೆ ಕಾರಣ ಇಲ್ಲ. ಮೇಲಕ್ಕೂ ಕೆಳಕ್ಕೂ ಒಂದೇ ಡಿಲೇ ಹಾಕಿದ ಪ್ಯಾನೆಲ್ ಕಂಡರೆ, ಹಾಕಿದವರು ಆ ಯಂತ್ರದ ಎದುರು ಒಂದು ದಿನವೂ ನಿಂತಿಲ್ಲ ಅಂತ ನನಗೆ ಅನ್ನಿಸುತ್ತದೆ.

ಶುರುವಿನ ಕೂಗಿಗೆ ಸ್ಟ್ಯಾಂಡ್‌ಬೈ ಅನ್ನುವ ಉಪಾಯ ಇದೆ. ಇದನ್ನು ಹಾಕಿದರೆ ಸ್ವಿಚ್ ಹಾಕಿದಾಗ ಲೋ ಅಲಾರಂ ನಿದ್ದೆಯಲ್ಲಿರುತ್ತದೆ. ಪಿವಿ ಒಮ್ಮೆ ಸರಿಯಾದ ಜಾಗಕ್ಕೆ ಬಂದು ಮುಟ್ಟಿದ ಮೇಲೆ ಎಚ್ಚರಗೊಳ್ಳುತ್ತದೆ. ಚಿಕ್ಕಪ್ಪನ ಮನೆಯ ಮುಕ್ಕಾಲು ಗಂಟೆಯ ಕೂಗು ಇದೊಂದರಿಂದಲೇ ನಿಂತುಹೋಯಿತು. ಆದರೆ ಮಲೆನಾಡಿನಲ್ಲಿ ಸ್ಟ್ಯಾಂಡ್‌ಬೈ ಹಾಕುವವರು ಇನ್ನೊಂದು ಹೆಜ್ಜೆ ಮುಂದೆ ಯೋಚಿಸಬೇಕು. ಮಳೆ ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿ ಬರುವುದು ಇಲ್ಲಿ ಹೊಸದಲ್ಲ. ಕರೆಂಟ್ ಹೋಗಿ ಬಂದರೆ ಕಂಟ್ರೋಲರ್‌ಗೆ ಅದು ಹೊಸ ಶುರು. ಸ್ಟ್ಯಾಂಡ್‌ಬೈ ಮತ್ತೆ ಜಾರಿಗೆ ಬರುತ್ತದೆ. ಆ ಹೊತ್ತಿಗೆ ಸೆನ್ಸರ್ ಜಾರಿ ಹೊರಗೆ ನೇತಾಡುತ್ತಿದ್ದರೆ ಪಿವಿ 21 ಡಿಗ್ರಿಯಲ್ಲೇ ಇರುತ್ತದೆ. ಸರಿಯಾದ ಜಾಗ ಮುಟ್ಟುವುದೇ ಇಲ್ಲ. ಅಲಾರಂ ಬೆಳಗಿನ ತನಕ ಏಳುವುದಿಲ್ಲ. ಕೂಗು ನಿಲ್ಲಿಸಲು ಹಾಕಿದ ಉಪಾಯವೇ ಅವತ್ತಿನ ರಾತ್ರಿಯನ್ನು ಮತ್ತೆ ತಂದು ಕೊಡುತ್ತದೆ.

ಇದಕ್ಕೆ ಜೊತೆಯಾಗಿ ಬೇಕಾದದ್ದು ಲೂಪ್ ಬ್ರೇಕ್ ಅಲಾರಂ. ಇದು ಬಿಸಿ ಎಷ್ಟಿದೆ ಅಂತ ಕೇಳುವುದೇ ಇಲ್ಲ. ‘ನಾನು 100 ಪರ್ಸೆಂಟ್ ಕೊಡುತ್ತಿದ್ದೇನೆ, ಇಷ್ಟು ನಿಮಿಷ ಆಯಿತು, ಪಿವಿ ಯಾಕೆ ಅಲುಗಾಡಿಲ್ಲ?’ ಅಂತ ಕೇಳುತ್ತದೆ. ಹೀಟರ್ ಸುಟ್ಟಿದ್ದರೂ, ಸೆನ್ಸರ್ ಜಾರಿದ್ದರೂ, ಸೆನ್ಸರ್‌ನ ಎರಡು ತಂತಿ ಮಧ್ಯದಲ್ಲೆಲ್ಲೋ ಒಂದಕ್ಕೊಂದು ತಾಗಿದ್ದರೂ ಇದು ಹಿಡಿಯುತ್ತದೆ. ಆ ಕೊನೆಯದು ಬಹಳ ಮೋಸದ ತೊಂದರೆ. ತಂತಿ ಕಡಿದರೆ ಕಂಟ್ರೋಲರ್ ಸೆನ್ಸರ್ ಬ್ರೇಕ್ ಅಂತ ಗುರುತಿಸಿ ಹೀಟರ್ ನಿಲ್ಲಿಸುತ್ತದೆ. ತಂತಿ ತಾಗಿದರೆ ಹಾಗಲ್ಲ. ತಾಗಿದ ಜಾಗವೇ ಹೊಸ ಸೆನ್ಸರ್ ಆಗಿಬಿಡುತ್ತದೆ. ಅಲ್ಲಿನ ಕಡಿಮೆ ಬಿಸಿಯನ್ನೇ ಕಂಟ್ರೋಲರ್ ನಿಜವೆಂದು ಓದುತ್ತದೆ.

ಲೂಪ್ ಬ್ರೇಕ್‌ಗೆ ಎಷ್ಟು ನಿಮಿಷ ಇಡಬೇಕು ಅಂತ ಜನ ಕೇಳುತ್ತಾರೆ. ಊಹೆ ಮಾಡಬೇಡಿ. ಎಲ್ಲ ಸರಿಯಿರುವ ದಿನ, ಡ್ರೈಯರ್ ಪೂರ್ತಿ ತುಂಬಿರುವಾಗ, ಗಡಿಯಾರ ಹಿಡಿದು ನೋಡಿ. ಪೂರ್ತಿ ಕರೆಂಟ್ ಕೊಟ್ಟ ಮೇಲೆ ಎರಡು ಡಿಗ್ರಿ ಏರಲು ಎಷ್ಟು ನಿಮಿಷ ಬೇಕಾಯಿತೋ ಅದರ ಎರಡರಷ್ಟು ಇಡಿ. ಚಿಕ್ಕಪ್ಪನಲ್ಲಿ ಹಸಿ ಅಡಿಕೆ ತುಂಬಿದಾಗ ಎಂಟು ಒಂಬತ್ತು ನಿಮಿಷ ಬೇಕಾಯಿತು. ನಾನು 18 ಇಟ್ಟೆ.

ಮಧ್ಯರಾತ್ರಿ ಎರಡು ಗಂಟೆಗೆ ಬಿಸಿ 74ಕ್ಕೆ ಹೋಗಿ ಮೂರಕ್ಕೆ ತಾನೇ ಇಳಿದರೆ ಬೆಳಿಗ್ಗೆ ಎದ್ದವರಿಗೆ ಅದು ಗೊತ್ತಾಗಬೇಕು, ಅಲ್ವಾ? ಅದಕ್ಕೆ ಲ್ಯಾಚ್ ಇದೆ. ಒಮ್ಮೆ ಬಂದ ಅಲಾರಂ, ಯಾರಾದರೂ ಬಂದು ಬಟನ್ ಒತ್ತುವ ತನಕ ಹಾಗೇ ನಿಲ್ಲುತ್ತದೆ. ಹೈ ಅಲಾರಂಗೆ ಲ್ಯಾಚ್ ಹಾಕಿ. ಬಾಗಿಲು ತೆಗೆದಾಗಲೆಲ್ಲ ಬರಬಹುದಾದ ಲೋ ಅಲಾರಂಗೆ ಬೇಡ.

ಇನ್ನೊಂದು ಸೆಟ್ಟಿಂಗ್ ಇದೆ. ಮೆನುವಿನ ಮೂಲೆಯಲ್ಲಿರುತ್ತದೆ, ಆದರೆ ನನಗೆ ಅದು ಬಹಳ ಮುಖ್ಯ. ಅಲಾರಂ ಬಂದಾಗ ರಿಲೇ ಆನ್ ಆಗಬೇಕಾ, ಆಫ್ ಆಗಬೇಕಾ? ಅಲಾರಂ ಬಂದಾಗ ಆನ್ ಆಗುವ ಹಾಗೆ ಇದ್ದರೆ, ಇಲಿ ವೈರ್ ಕಡಿದರೂ, ಮಳೆಗಾಲದ ಥಂಡಿಗೆ ಟರ್ಮಿನಲ್ ಕಿಲುಬು ಹಿಡಿದರೂ ನಮಗೆ ತಿಳಿಯುವುದೇ ಇಲ್ಲ. ಮೌನಕ್ಕೆ ಎರಡು ಅರ್ಥ ಬಂದುಬಿಡುತ್ತದೆ. ಎಲ್ಲ ಸರಿಯಿದ್ದಾಗ ರಿಲೇ ಆನ್ ಇದ್ದು, ಅಲಾರಂ ಬಂದಾಗ ಬಿಟ್ಟುಕೊಳ್ಳುವ ಹಾಗೆ ಇಟ್ಟರೆ ರಿಲೇಯ ಸಿಗ್ನಲ್ ವೈರ್ ಕಡಿದರೂ ಕೂಗು ಬರುತ್ತದೆ. ಕಂಟ್ರೋಲರ್ ಸತ್ತರೂ ಬರುತ್ತದೆ. ಬಜರ್‌ಗೆ ಸಣ್ಣ ಬ್ಯಾಟರಿ ಇದ್ದರೆ ಕರೆಂಟ್ ಹೋದರೂ ಬರುತ್ತದೆ.

ಕಂಟ್ರೋಲ್ ಸೆಟ್ಟಿಂಗ್‌ಗೂ ಅಲಾರಂಗೂ ಸಂಬಂಧ ಇಲ್ಲ ಅಂತ ಹಲವರು ಅಂದುಕೊಂಡಿರುತ್ತಾರೆ. ಇದೆ. ಹದ ತಪ್ಪಿದ ಕಂಟ್ರೋಲ್ ಸುಮ್ಮಸುಮ್ಮನೆ ಅಲಾರಂ ಹುಟ್ಟಿಸುತ್ತದೆ. ಕಂಟ್ರೋಲರ್ ಔಟ್‌ಪುಟ್ ಲೆಕ್ಕ ಹಾಕುವ ಕ್ರಮಕ್ಕೆ ಪಿಐಡಿ ಅನ್ನುತ್ತಾರೆ. ಅದು ಏನು ಅಂತ ತಿಳಿಯಲು ಆಲೆಮನೆಯಲ್ಲಿ ಒಲೆ ನೋಡಿಕೊಳ್ಳುವವರನ್ನು ನೆನೆದರೆ ಸಾಕು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ತಣ್ಣಗಿದ್ದರೆ ಜಾಸ್ತಿ ಸೌದೆ, ಹತ್ತಿರ ಬಂದಂತೆ ಕಡಿಮೆ. ಇದು ಪಿ, ಅಂತರಕ್ಕೆ ತಕ್ಕಷ್ಟು ಬೆಂಕಿ. ಬಹಳ ಹೊತ್ತಾದರೂ ಕುದಿ ಇನ್ನೂ ಸ್ವಲ್ಪ ಕೆಳಗೇ ನಿಂತಿದ್ದರೆ ಒಂದು ಕೊರಡು ಸೇರಿಸುತ್ತಾರೆ. ಇದು ಐ, ಕೂಡಿಬಂದ ಕೊರತೆಯ ಲೆಕ್ಕ. ಪಾಕ ಜೋರಾಗಿ ಏರುತ್ತಿರುವುದು ಕಂಡರೆ ಹದ ಬರುವ ಮೊದಲೇ ಬೆಂಕಿ ಹೊರಗೆ ಎಳೆಯುತ್ತಾರೆ. ಇದು ಡಿ, ಏರುವ ವೇಗ ನೋಡಿ ಮುಂಚೆಯೇ ಕೈ ಹಿಡಿಯುವುದು. ಒಳ್ಳೆಯ ಒಲೆಗಾರರಿಗೆ ಈ ಮೂರೂ ಕೈಗೆ ಬಂದಿರುತ್ತವೆ.

ಕಂಟ್ರೋಲರ್‌ಗೆ ಇದನ್ನು ಅಂಕಿಯಲ್ಲಿ ಹೇಳಬೇಕು. 1942ರಲ್ಲಿ ಅಮೆರಿಕದ ಜಾನ್ ಝೀಗ್ಲರ್ ಮತ್ತು ನಥಾನಿಯಲ್ ನಿಕೋಲ್ಸ್ ಈ ಅಂಕಿಗಳನ್ನು ಹುಡುಕುವ ಒಂದು ಕ್ರಮ ಕೊಟ್ಟರು. 1984ರಲ್ಲಿ ಸ್ವೀಡನ್ನಿನ ಕಾರ್ಲ್ ಯೋಹಾನ್ ಆಸ್ಟ್ರೋಮ್ ಮತ್ತು ತೋರೆ ಹೆಗ್ಲುಂಡ್ ಅದನ್ನು ಯಂತ್ರವೇ ಮಾಡಿಕೊಳ್ಳುವ ಸುಲಭದ ದಾರಿ ತೋರಿಸಿದರು. ಹೀಟರನ್ನು ಕೆಲವು ಸಲ ಪೂರ್ತಿ ಆನ್, ಪೂರ್ತಿ ಆಫ್ ಮಾಡಿ, ಬಿಸಿ ಹೇಗೆ ಏರಿಳಿಯುತ್ತದೆ ಅಂತ ನೋಡಿ ಲೆಕ್ಕ ಹಾಕುವುದು. ಇವತ್ತು ಆಟೋಟ್ಯೂನ್ ಬಟನ್ ಒತ್ತಿದಾಗ ಹೆಚ್ಚಾಗಿ ನಡೆಯುವುದು ಇದೇ ಬಗೆಯ ಕೆಲಸ. ಎರಡು ಎಚ್ಚರ ಬೇಕು. ಖಾಲಿ ಡ್ರೈಯರ್‌ನಲ್ಲಿ ಆಟೋಟ್ಯೂನ್ ಮಾಡಿದರೆ ಸಿಗುವ ಅಂಕಿ ಖಾಲಿ ಡ್ರೈಯರ್‌ಗೆ ಮಾತ್ರ ಸರಿ. ಮಾಲು ತುಂಬಿಯೇ ಮಾಡಿ. ಮತ್ತೆ ಆ ಹೊತ್ತಿನಲ್ಲಿ ಬಿಸಿ ಸೆಟ್ ಪಾಯಿಂಟ್ ದಾಟಿ ಮೇಲೆ ಹೋಗುತ್ತದೆ. 60ರ ಬದಲು 55ಕ್ಕೆ ಇಟ್ಟುಕೊಂಡು ಮಾಡಿದರೆ ಅಡಿಕೆಯೂ ಉಳಿಯುತ್ತದೆ, ಹೈ ಅಲಾರಂ ಕೂಡ ಬರುವುದಿಲ್ಲ.

ಸೈಕಲ್ ಟೈಮ್ ಬಗ್ಗೆ ಒಂದು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ಕಂಟ್ರೋಲರ್ 50 ಪರ್ಸೆಂಟ್ ಕೊಡಬೇಕೆಂದರೆ ಸೈಕಲ್‌ನ ಅರ್ಧ ಹೊತ್ತು ಆನ್, ಅರ್ಧ ಹೊತ್ತು ಆಫ್ ಮಾಡುತ್ತದೆ. ಹೀಟರ್ ಆನ್ ಆಫ್ ಮಾಡಲು ಎಸ್‌ಎಸ್‌ಆರ್, ಅಂದರೆ ಎಲೆಕ್ಟ್ರಾನಿಕ್ ರಿಲೇ, ಇದ್ದರೆ ಸೈಕಲ್ ಎರಡು ಸೆಕೆಂಡ್ ಇಡಬಹುದು, ಅದರಲ್ಲಿ ಸವೆಯುವ ಭಾಗ ಇಲ್ಲ. ಕಾಂಟ್ಯಾಕ್ಟರ್‌ಗೂ, ಅಂದರೆ ಅಯಸ್ಕಾಂತದಿಂದ ಬಡಿದು ಕೂಡುವ ದೊಡ್ಡ ಸ್ವಿಚ್ಚಿಗೂ, ಎರಡು ಸೆಕೆಂಡ್ ಇಟ್ಟರೆ ದಿನಕ್ಕೆ 43,200 ಸಲ ಬಡಿದುಕೊಳ್ಳುತ್ತದೆ. ಹತ್ತು ಲಕ್ಷ ಸಲ ತಾಳುವ ಕಾಂಟ್ಯಾಕ್ಟರ್ ಆದರೂ 23 ದಿನಕ್ಕೆ ಮುಗಿಯಿತು. 20 ಸೆಕೆಂಡ್ ಇಟ್ಟರೆ ಅದೇ ಕಾಂಟ್ಯಾಕ್ಟರ್ 230 ದಿನ ಬಾಳುತ್ತದೆ. ಅಡಿಕೆ ಕೋಣೆಯಂಥ ನಿಧಾನದ ಜಾಗಕ್ಕೆ 20 ಸೆಕೆಂಡ್ ಏನೂ ಜಾಸ್ತಿ ಅಲ್ಲ.

ಎಸ್‌ಎಸ್‌ಆರ್‌ಗೆ ಬೇರೆ ಒಂದು ಗುಣ ಇದೆ. ಅದು ಕೆಟ್ಟಾಗ ಹೆಚ್ಚಾಗಿ ಶಾರ್ಟ್ ಆಗಿ, ಆನ್ ಆಗಿಯೇ ನಿಂತುಬಿಡುತ್ತದೆ. ಆಗ ಕಂಟ್ರೋಲರ್ ಸೊನ್ನೆ ಪರ್ಸೆಂಟ್ ಅಂದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಅಲಾರಂ ಕೂಗುತ್ತದೆ, ನಿಜ. ಆದರೆ ಕೂಗಿದರೆ ಬೆಂಕಿ ನಿಲ್ಲುವುದಿಲ್ಲ. ಇಲ್ಲಿ ನಾನು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ. ಕಂಟ್ರೋಲರ್‌ನ ಅಲಾರಂ ಸುರಕ್ಷತೆಯ ಸಾಧನ ಅಲ್ಲ. ಅದಕ್ಕೆ ಬೇರೆಯೇ ಒಂದು ಲಿಮಿಟ್ ಥರ್ಮೋಸ್ಟ್ಯಾಟ್ ಬೇಕು. ಅದರ ಸೆನ್ಸರ್ ಬೇರೆ, ಜಾಗ ಬೇರೆ. ಅದು ಬಿಟ್ಟುಕೊಂಡರೆ ಮೇನ್ ಕಾಂಟ್ಯಾಕ್ಟರ್ ಬಿದ್ದು ಹೀಟರ್‌ನ ಕರೆಂಟೇ ಹೋಗಬೇಕು. ಮತ್ತೆ ಆನ್ ಆಗಲು ಮನುಷ್ಯರು ಬಂದು ಕೈಯಾರೆ ಒತ್ತಬೇಕು. ಅವತ್ತಿನ ರಾತ್ರಿ ಇದೊಂದು ಇದ್ದಿದ್ದರೆ ಬಜರ್ ವೈರ್ ಇಲ್ಲದಿದ್ದರೂ ಅಡಿಕೆ ಉಳಿಯುತ್ತಿತ್ತು. ಸೆನ್ಸರ್ ಜಾರಿದಾಗ ಅದೇ ಸೆನ್ಸರ್ ನಂಬಿದ ಹೈ ಅಲಾರಂ ಏನು ಮಾಡೀತು?

ಅಲಾರಂ ಎಷ್ಟಿರಬೇಕು ಅನ್ನುವ ಪ್ರಶ್ನೆ ಉಳಿಯಿತು. ಕಂಟ್ರೋಲರ್‌ನಲ್ಲಿ ನಾಲ್ಕು ಜಾಗ ಇದೆ ಅಂತ ನಾಲ್ಕನ್ನೂ ತುಂಬಿಸುವ ಆಸೆ ಬರುತ್ತದೆ. ದೊಡ್ಡ ಸ್ಥಾವರಗಳಲ್ಲಿ ಈ ಆಸೆಯಿಂದ ಆದದ್ದನ್ನು ನೋಡಿ. 1994ರ ಜುಲೈ 24ರಂದು ಬ್ರಿಟನ್ನಿನ ವೇಲ್ಸ್‌ನಲ್ಲಿ, ಮಿಲ್ಫೋರ್ಡ್ ಹೇವನ್‌ನ ಟೆಕ್ಸಾಕೋ ರಿಫೈನರಿಯಲ್ಲಿ ಸ್ಫೋಟ ಆಯಿತು. ಬೆಳಿಗ್ಗೆ ಸಿಡಿಲು ಮಳೆಗೆ ಸ್ಥಾವರದ ಓಟ ತಪ್ಪಿತ್ತು. ಆಮೇಲೆ ಗಂಟೆಗಟ್ಟಲೆ ಅದು ಹದಕ್ಕೆ ಬರಲಿಲ್ಲ. ಸ್ಫೋಟಕ್ಕೆ ಮುಂಚಿನ ಹನ್ನೊಂದು ನಿಮಿಷದಲ್ಲಿ ಇಬ್ಬರು ಆಪರೇಟರ್‌ಗಳ ಎದುರು 275 ಅಲಾರಂ ಬಂದವು. ಎರಡೂವರೆ ಸೆಕೆಂಡಿಗೆ ಒಂದು. ಬೇಕಾದ ಎಚ್ಚರಿಕೆ ಅವತ್ತಿನ ಅಲಾರಂಗಳ ರಾಶಿಯಲ್ಲೇ ಇತ್ತು. ಯಾರ ಕಣ್ಣಿಗೂ ಬೀಳುವ ಹಾಗಿರಲಿಲ್ಲ. 26 ಜನಕ್ಕೆ ಗಾಯ ಆಯಿತು. ಇಂಥ ಅನುಭವಗಳ ಮೇಲೆ ಬ್ರಿಟನ್ನಿನ ಎಂಜಿನಿಯರುಗಳು 1999ರಲ್ಲಿ ಈಮುವಾ 191 ಅನ್ನುವ ಮಾರ್ಗದರ್ಶಿ ತಂದರು. ಸ್ಥಾವರ ಸರಿಯಾಗಿ ಓಡುತ್ತಿರುವಾಗ ಒಬ್ಬ ಆಪರೇಟರ್‌ಗೆ ಹತ್ತು ನಿಮಿಷಕ್ಕೆ ಒಂದಕ್ಕಿಂತ ಜಾಸ್ತಿ ಅಲಾರಂ ಬರಬಾರದು ಅನ್ನುವ ಅಳತೆ ಅಲ್ಲಿಂದ ಬಂದದ್ದು. ಆಮೇಲೆ 2009ರಲ್ಲಿ ಬಂದ ಅಮೆರಿಕದ ಐಎಸ್‌ಎ 18.2 ಮಾನದಂಡ ಇನ್ನೂ ಬಿಡಿಸಿ ಹೇಳಿತು. ಆಪರೇಟರ್ ಆ ಹೊತ್ತಿಗೆ ಏನಾದರೂ ಮಾಡಲೇಬೇಕಾಗಿದ್ದರೆ ಮಾತ್ರ ಅದು ಅಲಾರಂ.

ಈ ಮಾತು ನನಗೆ ಅಡಿಕೆ ಡ್ರೈಯರ್‌ಗೂ ಪೂರ್ತಿ ಒಪ್ಪುತ್ತದೆ ಅನ್ನಿಸಿತು. ಹಾಗಾಗಿ ಚಿಕ್ಕಪ್ಪನ ಜೊತೆ ಕೂತು ಒಂದು ಹಾಳೆ ಮಾಡಿದೆವು. ಪ್ರತಿ ಅಲಾರಂ ಎದುರು ‘ಕೂಗಿದರೆ ಯಾರು ಏಳಬೇಕು, ಎದ್ದು ಏನು ಮಾಡಬೇಕು’ ಅಂತ ಬರೆಯುವುದು. ಬರೆಯಲು ಬಾರದ ಅಲಾರಂ ತೆಗೆದುಬಿಡುವುದು. ಮೊದಲಿದ್ದ ನಾಲ್ಕರಲ್ಲಿ ಒಂದಕ್ಕೆ ಬರೆಯಲು ಏನೂ ಸಿಗಲಿಲ್ಲ. 60 ಮುಟ್ಟಿದಾಗ ಕೂಗುವ ಅಲಾರಂ ಅದು. ‘ಬಿಸಿ ಬಂತು ಅಂತ ಗೊತ್ತಾಗತ್ತಲ್ಲ, ಇರಲಿ ಬಿಡೋ’ ಅಂದರು ಚಿಕ್ಕಪ್ಪ. ‘ಗೊತ್ತಾದ ಮೇಲೆ ನೀವು ಏನು ಮಾಡ್ತೀರಿ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ‘ಏನೂ ಇಲ್ಲ’ ಅಂದರು. ಅದಕ್ಕೆ ಈಗ ಬಜರ್ ಇಲ್ಲ, ಒಂದು ಹಸಿರು ದೀಪ ಇದೆ.

ಉಳಿದದ್ದು ಮೂರು. ಹೈ ಬಂದರೆ ಮನೆಯಲ್ಲಿ ಯಾರಿದ್ದರೂ ಮೊದಲು ಹೀಟರ್ ಸ್ವಿಚ್ ಆಫ್ ಮಾಡಬೇಕು, ಫ್ಯಾನ್ ಬಿಡಬೇಕು, ಆಮೇಲೆ ಚಿಕ್ಕಪ್ಪನನ್ನು ಕರೆಯಬೇಕು. ಲೋ ಬಂದರೆ ಬಾಗಿಲು ಸರಿಯಾಗಿ ಕೂತಿದೆಯಾ ನೋಡಬೇಕು. ಲೂಪ್ ಬ್ರೇಕ್ ಬಂದರೆ ಸೆನ್ಸರ್ ತೂತಿನಲ್ಲಿದೆಯಾ ಅಂತ ಟಾರ್ಚ್ ಹಾಕಿ ನೋಡಬೇಕು. ಸೆನ್ಸರ್‌ಗೆ ಈಗ ಗ್ಲ್ಯಾಂಡ್ ಹಾಕಿ ಬಿಗಿದಿದ್ದೇವೆ, ಎಳೆದರೂ ಬರುವುದಿಲ್ಲ. ಸೆಟ್ಟಿಂಗ್ ಮೆನುವಿಗೆ ಪಾಸ್‌ವರ್ಡ್ ಇದೆ. ಆ ಪಾಸ್‌ವರ್ಡನ್ನೂ ಎಲ್ಲ ಅಂಕಿಗಳನ್ನೂ ಚಿಕ್ಕಮ್ಮ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದಾರೆ. ಕಂಟ್ರೋಲರ್ ಕೆಟ್ಟು ಹೊಸದು ತಂದರೆ ಅದರಲ್ಲಿ ಮತ್ತೆ ಪೆಟ್ಟಿಗೆಯ ಸೆಟ್ಟಿಂಗೇ ಇರುತ್ತದಲ್ಲ.

ದೀಪಾವಳಿ ಕಳೆದು ಕೊಯ್ಲು ಶುರುವಾಗುವ ಮೊದಲು ಒಂದು ದಿನ ನಾನು ಅಲ್ಲಿಗೆ ಹೋಗುತ್ತೇನೆ. ಅವತ್ತು ಡ್ರೈಯರ್ ಖಾಲಿ. 60ಕ್ಕೆ ಬಂದ ಮೇಲೆ ಗ್ಲ್ಯಾಂಡ್ ಸಡಿಲಿಸಿ ಸೆನ್ಸರ್ ಹೊರಗೆ ತೆಗೆದು ನೇತುಹಾಕುತ್ತೇನೆ. ಹತ್ತು ನಿಮಿಷಕ್ಕೆ ಲೋ ಅಲಾರಂ ಬರುತ್ತದೆಯಾ ನೋಡುತ್ತೇವೆ. ಆಮೇಲೆ ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ಹಾಕುತ್ತೇವೆ. ಲೋ ಅಲಾರಂ ಈಗ ನಿದ್ದೆಯಲ್ಲಿದೆ. ಚಿಕ್ಕಮ್ಮ ಅಡುಗೆಮನೆಯಲ್ಲಿ, ಚಿಕ್ಕಪ್ಪ ತೋಟದ ದಾರಿಯಲ್ಲಿ ನಿಲ್ಲುತ್ತಾರೆ. ನಾನು ಪ್ಯಾನೆಲ್ ಹತ್ತಿರ ಗಡಿಯಾರ ಹಿಡಿದು ಕಾಯುತ್ತೇನೆ. ಖಾಲಿ ಕೋಣೆ ಬೇಗ ಕಾಯುತ್ತದೆ. ಹಾಗಾಗಿ ಕೆಲವೊಮ್ಮೆ 80ಕ್ಕೆ ಇಟ್ಟ ಲಿಮಿಟ್ ಥರ್ಮೋಸ್ಟ್ಯಾಟ್ ಮೊದಲು ಬಿಟ್ಟುಕೊಳ್ಳುತ್ತದೆ, ಕಾಂಟ್ಯಾಕ್ಟರ್ ಧಡಕ್ ಅಂತ ಬೀಳುತ್ತದೆ. 18ನೇ ನಿಮಿಷಕ್ಕೆ ಬಜರ್ ಕೂಗುತ್ತದೆ. ಇಬ್ಬರೂ ಇದ್ದಲ್ಲಿಂದಲೇ ‘ಕೇಳಿಸ್ತು’ ಅಂತ ಕೂಗಿ ಹೇಳಿದ ಮೇಲೆ ಸೆನ್ಸರ್ ವಾಪಸ್ ತೂರಿಸಿ ಗ್ಲ್ಯಾಂಡ್ ಬಿಗಿಯುತ್ತೇನೆ.